ಕಂಪ್ಯೂಟರಿಗೂ ಊದುಬತ್ತಿ

ಸೋದರಮಾವ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಕೈಮುಗಿದು, ಅಂಗಡಿಯ ಮೇನ್ ಸ್ವಿಚ್ ಆಫ್ ಮಾಡಿಯೇಬಿಟ್ಟರು. ನನ್ನೆದುರಿನ ಕಂಪ್ಯೂಟರ್ ಫಕ್ಕನೆ ಕಪ್ಪಾಯಿತು.

ಅದು ತೊಂಬತ್ತೊಂಬತ್ತನೇ ಇಸವಿ. ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಸೀರೆ ಅಂಗಡಿಗೆ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಟ್ಟ ಮಹಾಮೇಧಾವಿ ನಾನೇ. ದಿನಾ ಬೆಳಿಗ್ಗೆ ಅದು ಡಿಸ್ಕನ್ನೆಲ್ಲ ತಪಾಸಣೆ ಮಾಡಿಕೊಂಡೇ ಏಳುತ್ತಿತ್ತು. ಎದ್ದ ಮೇಲೆ ಬ್ರೌಸರ್, ತಾನು ಆಗಲೇ ತೆರೆದಿದ್ದೇನೆಂದು ಹಟ ಹಿಡಿದು ತೆರೆಯುತ್ತಲೇ ಇರಲಿಲ್ಲ. ಹರಿಹರದ ಮದುವೆಮನೆಯವರು ಕೇಳಿದ್ದ ಸೀರೆಯ ಬಗ್ಗೆ ಸೂರತ್ತಿನ ಸಗಟು ವ್ಯಾಪಾರಿಗಳ ಉತ್ತರ ಇ-ಮೇಲಿನಲ್ಲೇ ಕೊಳೆಯುತ್ತಿತ್ತು. ನಾನು ಸಿ.ಡಿ.ಗೆ ಶಾಪ ಹಾಕುತ್ತ ಮತ್ತೆ ಮತ್ತೆ ಲಿನಕ್ಸ್ ಹಾಕುತ್ತಿದ್ದೆ. ಅಂಗಡಿ ಮುಚ್ಚುವವರೆಗೆ ಉಳಿದದ್ದು ಅಂದೇ ಮೊದಲು. ಹೀಗೆ ಏಕಾಏಕಿ ಕರೆಂಟು ಕಿತ್ತರೆ ಡಿಸ್ಕ್ ಗಲಿಬಿಲಿಯಾಗುತ್ತದೆ, ಬ್ರೌಸರ್ ತೆರೆದಿದೆಯೆಂಬ ಗುರುತೂ ಅಳಿಯದೆ ಉಳಿಯುತ್ತದೆ; ಎರಡೂ ಕಾಯಿಲೆಯ ಮೂಲ ಕಣ್ಣೆದುರೇ ನಿಂತಿತ್ತು.

"ಮಾವ, ಮೊದಲು ಕಂಪ್ಯೂಟರ್ ಬಂದ್ ಮಾಡಿ, ಆಮೇಲೆ ಮೇನ್ ಆಫ್ ಮಾಡ್ಬೇಕ್ರಿ! ದಿನಾ ಹಿಂಗೇ ಮಾಡ್ತೀರೇನು?" ಎಂದೆ.

"ನಮ್ಮಪ್ಪನ ಕಾಲದಿಂದ ಹಿಂಗೇ ಐತೆ. ಫ್ಯಾನು, ಲೈಟು ಯಾವತ್ತಾದ್ರೂ ತಕರಾರು ಮಾಡ್ಯಾವೇನು? ನಿನ್ನ ಡಬ್ಬಿಗೆ ಯಾಕ ಇಷ್ಟು ಸೊಕ್ಕು?" ಎಂದರು ಮಾವ.

ಆದರೂ ನನ್ನ ಉಪದೇಶ ವ್ಯರ್ಥವಾಗಲಿಲ್ಲ. ಮರುದಿನದಿಂದ ಮಾವ ಕಂಪ್ಯೂಟರಿಗೂ ಭಕ್ತಿಯಿಂದ ಊದುಬತ್ತಿ ಬೆಳಗತೊಡಗಿದರು. ಬೆಳಗಿ, ಕೈಮುಗಿದು, ಮೇನ್ ಆಫ್ ಮಾಡುತ್ತಿದ್ದರು.