ಸ್ಪ್ಯಾಮ್ ಫಿಲ್ಟರಿನ ಜಾಗ

ನಾಸಿಕದ ಒಂದು ಪಂಪ್ ಕಾರ್ಖಾನೆಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಊರು ಬೀದರ್. ಆಫೀಸಿನಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ ಎಂಬ ನಂಬಿಕೆ ನನಗೆ ಬಹಳ ದಿನ ಇತ್ತು.

ಕಸದ ಮೇಲ್, ವೈರಸ್ ಹೆಚ್ಚಾದಾಗ ಹೊಸ ಫಿಲ್ಟರ್ ತರಿಸಿದರು. ಅದನ್ನು ಎಲ್ಲಿ ಕೂರಿಸಬೇಕೆಂದು ಸಂಭಾಜಿನಗರದ ಶಾಖೆಯಲ್ಲಿ ಇದೇ ಕೆಲಸ ಮಾಡುವ ಕಲಬುರಗಿಯ ಮೇಡಂ ಫೋನಿನಲ್ಲಿ ಹೇಳಿದರು.

“ಸರ್ವರ್ ಮುಂದ, ಬಾಗಲ್ದಾಗೇ ಇಡ್ರಿ. ಬ್ಯಾಡಾದ ಮೇಲ್ ಬಂತಂದ್ರ ಅಲ್ಲೇ ತಗೊಳಂಗಿಲ್ಲ ಅಂದ್ಬಿಡಬೇಕು. ಕಳಿಸಿದವ್ರಿಗೂ ಗೊತ್ತಾಗ್ತದ.”

“ಮನಿಗೆ ಬಂದವ್ರನ್ನ ಬಾಗಲ್ದಾಗಿಂದ ಕಳಸ್ತಾರೇನ್ರಿ? ಒಳಗ ತಗೊಂಡು ಆಮ್ಯಾಲ ನೋಡೋಣು,” ಎಂದೆ. ಸರ್ವರ್ ವಿಷಯಕ್ಕೆ ಅತಿಥಿ ಸತ್ಕಾರದ ಪಾಠ ಹೇಳಿದ್ದೆ. ಹೆಡ್ ಆಫೀಸಿನವನಾದ್ದರಿಂದ ನನ್ನ ಮಾತೇ ನಡೆಯಿತು. ಸರ್ವರ್ ಎಲ್ಲ ಮೇಲನ್ನೂ ಸ್ವೀಕರಿಸುತ್ತಿತ್ತು. ಆಮೇಲೆ ಫಿಲ್ಟರ್ ಅನುಮಾನ ಬಂದದ್ದನ್ನು ಸದ್ದಿಲ್ಲದೆ ಒಂದು ಫೋಲ್ಡರಿಗೆ ತಳ್ಳುತ್ತಿತ್ತು.

ಈ ಸಾಧನೆಯ ಬಗ್ಗೆ ಎರಡೂ ಊರಿನ ಸಿಬ್ಬಂದಿಗೆಲ್ಲ ಉದ್ದನೆಯ ಮೇಲ್ ಬರೆದೆ. ಕಸದ ಮೇಲ್ ಹೇಗಿರುತ್ತದೆಂದು ತೋರಿಸಲು ಲಾಟರಿ, ಸುಲಭ ಸಾಲ, ಬೊಜ್ಜು ಕರಗಿಸುವ ಔಷಧಿಯ ಉದಾಹರಣೆಗಳನ್ನೂ ಕೊಟ್ಟೆ. ಯಾರೂ ಉತ್ತರಿಸಲಿಲ್ಲ. ವಿಷಯ ಆಳವಾಗಿದೆ, ಓದಲು ಹೊತ್ತು ಬೇಕು ಅಂದುಕೊಂಡೆ. ಕ್ಯಾಂಟೀನಿನಲ್ಲಿ ಮಿಸಳ್ ತಿನ್ನುತ್ತಿದ್ದ ಮ್ಯಾನೇಜರು ನನ್ನನ್ನು ಕಂಡು ನಕ್ಕಾಗ ವಿನಯದಿಂದ ತಲೆ ಬಾಗಿಸಿ, ನನ್ನ ಮೇಲ್ ಹೇಗಿತ್ತೆಂದು ಕೇಳಿದೆ.

“ಕುಠಲಾ ಮೇಲ್?” ಎಂದರು. ಯಾವ ಮೇಲ್ ಅಂತ.

ಮೇಡಂಗೆ ಫೋನ್ ಮಾಡಿದೆ. “ನನಗೂ ಬಂದಿಲ್ರಿ. ಆ ಫೋಲ್ಡರ್ ತೆಗದು ನೋಡ್ರಿ.”

ನನ್ನ ಭಾಷಣ ಅಲ್ಲಿ ನಿಜವಾದ ಲಾಟರಿ ಮೇಲ್‌ಗಳ ನಡುವೆ ಕೂತಿತ್ತು. ಅದರ ಕೆಳಗೇ ಸಂಭಾಜಿನಗರದ ಕಡೆಯ ಗಂಗಾಪುರದ ಗಿರಾಕಿಯೊಬ್ಬರ ಆರ್ಡರ್ ಇತ್ತು. ತಲುಪಿದೆಯೆಂದು ನಂಬಿ ಅವರು ಪಂಪಿಗಾಗಿ ಕಾಯುತ್ತಿದ್ದರು. ನನಗೆ ನಗು ಬರಲಿಲ್ಲ. ಹರಕುಮುರುಕು ಮರಾಠಿಯಲ್ಲಿ ಅವರ ಕ್ಷಮೆ ಕೇಳಿ, ಪಂಪ್ ಕಳಿಸುವ ಏರ್ಪಾಟು ಮಾಡಿದೆ.

ಮರುವಾರ ಮೇಡಂ ನಾಸಿಕಕ್ಕೆ ಬಂದರು. ಸರ್ವರಿನ ಮುಂದೆ ಬೇರೆ ಯಂತ್ರ ನಿಲ್ಲಿಸಿ ಫಿಲ್ಟರನ್ನು ಅದಕ್ಕೆ ಸಾಗಿಸಿದೆವು. ‘ನಾ ಹೇಳಿದ್ನಲ್ಲ’ ಎಂದು ಅವರು ಅನ್ನಲಿಲ್ಲ. ಅದಕ್ಕೆ ಉತ್ತರ ಸಿದ್ಧಪಡಿಸಿಕೊಂಡಿದ್ದ ನನಗೆ ನಿರಾಸೆಯೇ ಆಯಿತು. ಚಹಾ ಕುಡಿಯುವಾಗ ಮಾತ್ರ, “ನಿಮ್ಮ ಮೇಲ್ ಫಿಲ್ಟರಾದ್ರೂ ಪೂರಾ ಓದೇದ ನೋಡ್ರಿ,” ಎಂದರು.

ಈಗಲೂ ಫಿಲ್ಟರ್ ಆಗಾಗ ಒಳ್ಳೆಯ ಮೇಲನ್ನು ತಡೆಯುತ್ತದೆ. ಆದರೆ ಕಳಿಸಿದವರಿಗೆ ಕೂಡಲೇ ತಿಳಿಯುತ್ತದೆ. ನನಗೆ ಫೋನ್ ಮಾಡಿ ಬೈಯುತ್ತಾರೆ. ಅವರ ಮೇಲ್ ಒಳಗೆ ಬಿಡುವ ವ್ಯವಸ್ಥೆ ಮಾಡಿ, ಫಿಲ್ಟರನ್ನು ಬಾಗಿಲಲ್ಲಿ ಇಟ್ಟದ್ದು ಮೇಡಂ ಸಲಹೆಯಂತೆ ಎಂದು ಹೇಳುತ್ತೇನೆ.