ತಂಗಿಯ ಲಿಥಿಯಂ

ವೀಕ್ಷಣಾಲಯದಲ್ಲಿ ಎಲ್ಲರೂ ಅವಳನ್ನು ‘ಲಿಥಿಯಂ ಮೇಡಂ’ ಎಂದೇ ಕರೆಯುತ್ತಿದ್ದರು. ನಕ್ಷತ್ರಗಳ ಬೆಳಕನ್ನು ಬಿಡಿಸಿ, ಅವುಗಳಲ್ಲಿ ಲಿಥಿಯಂ ಎಂಬ ಹಗುರ ಲೋಹ ಎಷ್ಟು ಉಳಿದಿದೆ ಎಂದು ಅಳೆಯುತ್ತಲೇ ಅವಳ ತಲೆ ನರೆತಿತ್ತು. ಮನೆಯಲ್ಲಿದ್ದ ತಂಗಿಗೆ ಮನಸ್ಸಿನ ಕಾಯಿಲೆ. ಅದನ್ನು ಹಿಡಿತದಲ್ಲಿಟ್ಟಿದ್ದುದೂ ಲಿಥಿಯಂ ಮಾತ್ರೆಯೇ.

“ಈ ಲಿಥಿಯಂ ಎಲ್ಲಿಂದ ಬರತ್ತೆ ಅಕ್ಕಾ?” ಎಂದು ತಂಗಿ ಒಮ್ಮೆ ಕೇಳಿದ್ದಳು.

“ವಿಶ್ವ ಹುಟ್ಟಿದಾಗಲೇ ಚೂರುಪಾರು ಬಂತು. ನಮ್ಮ ಗ್ಯಾಲಕ್ಸಿಗೆ ವಯಸ್ಸಾಗ್ತಾ ಆಗ್ತಾ, ಸಿಡಿಯೋ ನಕ್ಷತ್ರಗಳು ಇನ್ನಷ್ಟು ಸೇರಿಸಿದ್ವು. ಆದ್ರೆ ಸೂರ್ಯನಂಥವು ತಮ್ಮ ಪಾಲಿನದನ್ನ ಒಳಗೊಳಗೇ ಸುಟ್ಕೊಂಡ್ಬಿಡ್ತಾವೆ.”

“ನನ್ನ ಜಾತಿನೇ ಅನ್ನು!” ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ವರ್ಷಗಳು ಕಳೆದಂತೆ ಆ ಮಾತ್ರೆ ತಂಗಿಯ ಮೂತ್ರಪಿಂಡಗಳನ್ನು ಕೆಡಿಸಿತು. ವೈದ್ಯರು ಅದನ್ನು ನಿಲ್ಲಿಸಿ ಬೇರೆ ಔಷಧ ಕೊಟ್ಟರು. ಅದು ನಾಟಲಿಲ್ಲ. ತಂಗಿ ನಿದ್ದೆಗೆಟ್ಟಳು, ಊಟ ಬಿಟ್ಟಳು, ಕೊನೆಗೆ ಆಸ್ಪತ್ರೆ ಸೇರಬೇಕಾಯಿತು. ಅಕ್ಕ ನೋಡಲು ಹೋದಾಗ ತಂಗಿ ಗೋಡೆಯ ಕಡೆ ಹೊರಳಿ, “ಇವಳು ಯಾರೋ, ಆಚೆ ಕಳಿಸಿ” ಎಂದು ನರ್ಸಿಗೆ ಹೇಳಿದಳು.

ಮರುದಿನ ಅಕ್ಕ ಕೆಲಸಕ್ಕೆ ಹೋಗಿ, ಹಿಂದಿನ ವಾರ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದ, ಒಂದು ನಕ್ಷತ್ರದ ಬೆಳಕಿನ ಬಣ್ಣದ ಪಟ್ಟಿಯ ಮುಂದೆ ಕೂತಳು. ಅದರಲ್ಲಿ ಲಿಥಿಯಂ ಇರುವುದನ್ನು ತೋರುವ ಗೆರೆಯ ಮೇಲೆ ಕಣ್ಣು ನಿಲ್ಲಲಿಲ್ಲ. ಎದ್ದು ಮುಖ್ಯಸ್ಥರ ಕೋಣೆಗೆ ಹೋದಳು.

“ಸರ್, ನನಗೆ ಬೇರೆ ಏನಾದ್ರೂ ಅಳೆಯೋಕೆ ಕೊಡಿ. ಕಬ್ಬಿಣ ಆದ್ರೂ ಸರಿ.”

ಅವರು ಕೆಲಸದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿದ್ದ ‘ಲಿಥಿಯಂ’ ಹೊಡೆದು ಹಾಕಿ ‘ಕಬ್ಬಿಣ’ ಎಂದು ಬರೆದರು.