ಗೆರೆಯ ಮೇಲೇ ಕೂತ ಚುಕ್ಕೆಗಳು

ಅಂಕೋಲಾದಿಂದ ಕಾರವಾರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಅಲ್ಲೇ ಕನ್ನಡ ಕಲಿಸುವ ನನ್ನ ಪಕ್ಕ ಭೌತಶಾಸ್ತ್ರದ ಮಾಸ್ತರರು ಕೂರುತ್ತಿದ್ದರು. ತೊಡೆಯ ಮೇಲೆ ಲ್ಯಾಪ್‌ಟಾಪ್, ಮೂಗಿನ ತುದಿಗೆ ಜಾರಿದ ಕನ್ನಡಕ. "ಇವತ್ತು ಬಂಗಡೆ ಮೀನು ಅಗ್ಗ ಇರ್ಬಹುದು ಸರ್" ಎಂದು ನಾನು ಸುಮ್ಮನೆ ಊಹಿಸಿದರೂ ಕನ್ನಡಕದ ಮೇಲಿಂದ ನೋಡಿ, "ಮೊದ್ಲೇ ನೋಡ್ಕಂಡು ಬಂದಿದ್ಯನಾ?" ಎಂದು ನಗುತ್ತಿದ್ದರು.

ದೂರದೇಶದ ವೇಗವರ್ಧಕದಲ್ಲಿ ಕಣಗಳು ಡಿಕ್ಕಿ ಹೊಡೆದರೆ ಏನೇನು ಸಿಡಿಯುತ್ತದೆಂದು ಮುಂಚೆಯೇ ಹೇಳುವ ಕಂಪ್ಯೂಟರ್ ಮಾದರಿಯೊಂದನ್ನು ಅವರು ಅಲ್ಲಿಯ ಅಳತೆಗಳಿಗೆ ಹೋಲಿಸಿ ಪರೀಕ್ಷಿಸುತ್ತಿದ್ದರು. ಒಂದು ಬೆಳಿಗ್ಗೆ ಪರದೆಯ ಮೇಲಿನ ನಕ್ಷೆಯಲ್ಲಿ ಅಳತೆಯ ಚುಕ್ಕೆಗಳೆಲ್ಲ ಮಾದರಿಯ ಗೆರೆಯ ಮೇಲೇ ಕೂತಿದ್ದವು. ನಾನು ಕೈಕುಲುಕಲು ಹೋದೆ.

"ತಡಿ ಮಾರಾಯ. ಇಷ್ಟು ಚಂದ ಕೂತ್ರೆ ನಂಗೆ ಹೆದ್ರಿಕೆ."

ಬಸ್ಸು ಅರ್ಗಾ ದಾಟುವಷ್ಟರಲ್ಲಿ ತಪ್ಪು ಸಿಕ್ಕಿತು. ಮಾದರಿಯನ್ನು ಹದಗೊಳಿಸಲು ಬಳಸಿದ್ದ ಹಳೆಯ ಅಳತೆಗಳ ನಡುವೆ ಇವೇ ಅಳತೆಗಳೂ ಸೇರಿಹೋಗಿದ್ದವು. ಉತ್ತರ ನೋಡಿಕೊಂಡೇ ಪರೀಕ್ಷೆ ಬರೆದಂತಾಗಿತ್ತು. ವರ್ಷಗಟ್ಟಲೆ ಮಾಡಿದ ಕೆಲಸ ಅದು. ಈ ಫಲಿತಾಂಶ ಕೈಬಿಡುತ್ತೇನೆಂದು ಅವರು ಬಸ್ಸಿನ ಕುಲುಕಾಟದಲ್ಲೇ ಸಂಶೋಧನೆಯ ಜೊತೆಗಾರರಿಗೆ ಬರೆದು ಕಳಿಸಿದರು.

"ನೀವು ಹೇಳ್ದೇ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ಲ ಸರ್?" ಎಂದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು.

ಮುಂದಿನ ವಾರ, ನನ್ನ ತರಗತಿಯ ಮಕ್ಕಳೆಲ್ಲ ಕಿರುಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾರೆಂದು ಹಿಗ್ಗಿನಿಂದ ಹೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಪ್ರಶ್ನೆ ಮೊದ್ಲೇ ನೋಡ್ಕಂಡಿದ್ರನಾ?"

ಈ ಸಲ ನಗಲಿಲ್ಲ.